ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕೇ?

2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದಕ್ಕೆ ಲೋಕಸಭೆ ಮತ ಹಾಕಿದ್ದು ಯಾವಾಗ ಎಂದು ಕೇಳಿದ್ದೀರಿ. ಹಾಕಿಯೇ ಇಲ್ಲ, ಹಾಕಬೇಕೆಂಬ ನಿಯಮವೂ ಇಲ್ಲ.

ನಮ್ಮಲ್ಲಿ ಒಪ್ಪಂದ ಮಾಡುವುದು ಕೇಂದ್ರ ಸರ್ಕಾರ, ಅನುಮೋದಿಸುವುದು ಸಚಿವ ಸಂಪುಟ. ಆಮದು ಸುಂಕ ಇಳಿಸಲೂ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಒಂದು ಅಧಿಸೂಚನೆ ಸಾಕು. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಕ್ಲಿಯರಿಂಗ್ ಕೆಲಸ, ಅಂದರೆ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸುವ ಕೆಲಸ, ಮಾಡುವ ನಾವು ಕಾಯುವುದು ಅದಕ್ಕೇ. ಸದನದ ಚರ್ಚೆಗೆ ಯಾರೂ ಕಾಯುವುದಿಲ್ಲ!

ಸಂಸತ್ತಿನ ಸರದಿ ಬರುವುದು ಕಾನೂನೇ ಬದಲಾಗಬೇಕಾದಾಗ. ಸಂವಿಧಾನದ 253ನೇ ವಿಧಿ ಪ್ರಕಾರ, ಒಪ್ಪಂದ ಜಾರಿಗಾಗಿ ಸಂಸತ್ತು ಕೃಷಿಯಂಥ ರಾಜ್ಯಪಟ್ಟಿಯ (ಸಾಮಾನ್ಯವಾಗಿ ರಾಜ್ಯಗಳೇ ಶಾಸನ ಮಾಡುವ) ವಿಷಯದಲ್ಲೂ ಶಾಸನ ಮಾಡಬಹುದು. ಆಗ ಸರ್ಕಾರಕ್ಕೆ ಬಿಸಿ ತಟ್ಟುವುದೂ ಉಂಟು: ವಿಶ್ವ ವ್ಯಾಪಾರ ಸಂಸ್ಥೆಯ ಷರತ್ತಿಗಾಗಿ ತಂದ ಪೇಟೆಂಟ್ ತಿದ್ದುಪಡಿ ಮಸೂದೆ 1995ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಸಿಕ್ಕಿಬಿತ್ತು. ಅಮೆರಿಕ ಆ ಸಂಸ್ಥೆಗೆ ದೂರು ಕೊಟ್ಟು ಗೆದ್ದ ಮೇಲಷ್ಟೇ, 1999ರಲ್ಲಿ, ತಿದ್ದುಪಡಿಯಾಯಿತು.

ಯುರೋಪಿನ ಸಂಸತ್ತಿಗಂತೂ ಒಪ್ಪಂದವನ್ನೇ ತಿರಸ್ಕರಿಸುವ ಅಧಿಕಾರವಿದೆ. ನಮಗೆ ಅಷ್ಟು ಬೇಡವೆಂದರೂ, ಬ್ರಿಟನ್ನಿನಂತೆ 21 ಕಲಾಪದ ದಿನ ಸದನದ ಮುಂದಿಡುವ ನಿಯಮವಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ.