ಉತ್ತರದ ಕೋಣೆಗೆ ಕೆನೆಬಣ್ಣವೋ, ತಿಳಿಬೂದುವೋ?

ಪ್ರಶ್ನೆ: ನಮ್ಮ ಹಳೆಯ ಮನೆಯಲ್ಲಿ ಅತ್ತೆಯವರು ಓದಲು ಹಾಗೂ ವಿಶ್ರಮಿಸಲು ಬಳಸುವ ಕೋಣೆಗೆ ಬಣ್ಣ ಹೊಡೆಸಬೇಕಾಗಿದೆ. ಕಿಟಕಿ ಉತ್ತರಕ್ಕಿದೆ, ನೆಲ ರೆಡ್ ಆಕ್ಸೈಡಿನದು, ಬಾಗಿಲು ಸಾಗುವಾನಿಯದು. ಶೇಡ್ ಕಾರ್ಡಿನಲ್ಲಿ ಕೆನೆಬಣ್ಣ, ತಿಳಿಬೂದು ಎರಡೂ ಹಿಡಿಸಿವೆ. ಯಾವುದು ಸೂಕ್ತ?
– ಓದುಗರು, ಶಿವಮೊಗ್ಗ

ಉತ್ತರ: ಕೆನೆಬಣ್ಣವೇ ಸೂಕ್ತವೆಂದು ನನ್ನ ಅಭಿಪ್ರಾಯ, ಆದರೆ ಅದರಲ್ಲಿ ಹಳದಿಯ ಅಂಶ ಆದಷ್ಟು ಕಡಿಮೆ ಇರಲಿ. ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚಿನ ಕಾಲ ಒಳಬರುವುದು ನೇರ ಬಿಸಿಲಲ್ಲ, ಆಕಾಶದಿಂದ ಚದುರಿ ಬರುವ, ತುಸು ನೀಲಿ ಬೆರೆತ ಬೆಳಕು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ನಿಜ; ಆದರೆ ಜೂನ್ ಬಂತೆಂದರೆ ನಿಮ್ಮೂರಿನಲ್ಲಿ ಮೋಡ ಕವಿಯುವುದರಿಂದ ಅದರ ಲಾಭ ಬಹುಮಟ್ಟಿಗೆ ಮೇ ತಿಂಗಳಿಗೇ ಮುಗಿಯುತ್ತದೆ. ಆ ಮೋಡದ ಬೆಳಕಿನಲ್ಲಿ ತಿಳಿಬೂದು ತನ್ನೊಳಗಿನ ನೀಲಿಯನ್ನು ಎತ್ತಿ ತೋರಿಸಿ ಮಂಕಾಗುತ್ತದೆ. ಮಳೆಗಾಲದಲ್ಲಿ ದಿನವಿಡೀ ಒಳಗೇ ಇರುವ ಹಿರಿಯರಿಗೆ ಅಂಥ ಗೋಡೆ ಬೇಡ.

ಬೂದುಬಣ್ಣದ ಪರವಾಗಿಯೂ ಒಂದು ಬಲವಾದ ಮಾತಿದೆ. ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದಾಗ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಹಬ್ಬಿ, ಕೆನೆಬಣ್ಣ ನಸುಗೆಂಪಾಗಿ ಕಾಣುತ್ತದೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ಕಿಟಕಿಯಿದ್ದಿದ್ದರೆ ಇದೇ ಕಾರಣಕ್ಕೆ ನಾನು ಬೂದನ್ನೇ ಸೂಚಿಸುತ್ತಿದ್ದೆ. ನಿಮ್ಮ ಕೋಣೆಯಲ್ಲಿ ನೇರ ಬಿಸಿಲು ವಿರಳವಾದ್ದರಿಂದ ಆ ತೊಂದರೆ ಅಲ್ಪ.

ಬಣ್ಣದಷ್ಟೇ ಮುಖ್ಯವಾದುದು ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದು. 0ರಿಂದ 100ರವರೆಗಿನ ಎಲ್‌ಆರ್‌ವಿ ಎಂಬ ಅಂಕಿಯಿಂದ ಅದನ್ನು ಸೂಚಿಸುತ್ತಾರೆ. ಓದುವ ಕೋಣೆಗೆ 70ಕ್ಕಿಂತ ಮೇಲಿನದನ್ನು ಆರಿಸಿ. ದೀಪದ ವಿಷಯದಲ್ಲಿ, ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ: 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಕೆನೆಬಣ್ಣವನ್ನು ನಿಸ್ತೇಜಗೊಳಿಸುತ್ತದೆ, 2700 ಕೆಲ್ವಿನ್ನಿನದು ಹಳದಿಗೆ ಎಳೆಯುತ್ತದೆ. ಅತ್ತೆಯವರ ಓದಿಗೆ 4000 ಕೆಲ್ವಿನ್ನಿನ ಬಲ್ಬು ಹಿತಕರ. ಚಾವಣಿಗೆ ಅಚ್ಚಬಿಳಿ ಹೊಡೆಸಿದರೆ ಪಕ್ಕದ ಕೆನೆಬಣ್ಣ ಮಾಸಿದಂತೆ ತೋರುವುದರಿಂದ, ಅದೇ ಬಣ್ಣದ ಇನ್ನೂ ತಿಳಿಯಾದ ಛಾಯೆ ಒಳ್ಳೆಯದು.

ಶೇಡ್ ಕಾರ್ಡಿನ ಸಣ್ಣ ತುಂಡನ್ನು ನಂಬಿ ನಿರ್ಧರಿಸಬೇಡಿ. ಎರಡಡಿ ಅಗಲದ ಎರಡು ಹಲಗೆಗಳಿಗೆ ಬಿಳಿ ಪ್ರೈಮರ್ ಬಳಿದು, ಅದರ ಮೇಲೆ ಒಂದೊಂದು ಬಣ್ಣವನ್ನು ಎರಡು ಕೋಟ್ ಹೊಡೆಸಿ. ಒಂದು ದಿನ ಒಣಗಿದ ಮೇಲೆ ಅವುಗಳನ್ನು ನೆಲಕ್ಕೆ ತಾಗಿಸಿ, ಬಾಗಿಲ ಬದಿಗೆ, ಕಿಟಕಿಯ ಎದುರಿಗೆ ಹೀಗೆ ಬೇರೆ ಬೇರೆ ಕಡೆ ನಿಲ್ಲಿಸಿ, ಬೆಳಿಗ್ಗೆ, ಸಂಜೆ ಮತ್ತು ದೀಪ ಹಚ್ಚಿದ ಬಳಿಕ ಅತ್ತೆಯವರನ್ನೇ ಕರೆದು ತೋರಿಸಿ.