ಓದುಗರ ಪ್ರಶ್ನೆ: ಹಳೆಯ ಪೇಟಿ, ದಲ್ಲಾಳಿ ಮತ್ತು ಮುಚ್ಚಿಟ್ಟ ಬೆಲೆ

ಪ್ರಶ್ನೆ: ನಮ್ಮ ತಂದೆಯವರು ನಾಟಕ ಕಂಪನಿಗಳಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿದ್ದರು. ಅವರ ಪ್ಯಾರಿಸ್ ರೀಡಿನ (ಪ್ಯಾರಿಸ್‌ನಲ್ಲಿ ತಯಾರಾದ, ಸ್ವರ ಹೊಮ್ಮಿಸುವ ಲೋಹದ ಪಟ್ಟಿಗಳ) ಹಾರ್ಮೋನಿಯಂ ಅನ್ನು ಶೇ 10ರ ದಲಾಲಿಗೆ ಮಾರಿಸಿಕೊಡುವಂತೆ ಕಳೆದ ವರ್ಷ ಬಳ್ಳಾರಿಯ ದಲ್ಲಾಳಿಯೊಬ್ಬರಿಗೆ ಒಪ್ಪಿಸಿದೆ. ಪೇಟಿ 60 ಸಾವಿರಕ್ಕೆ ಹೋಯಿತೆಂದು ಹೇಳಿ, 6 ಸಾವಿರ ಹಿಡಿದುಕೊಂಡು, 54 ಸಾವಿರ ರೂಪಾಯಿ ಕಳಿಸಿದರು. ಈಗ ಅದನ್ನು ಕೊಂಡ ಗಂಗಾವತಿಯ ಗಾಯಕರು ಫೋನ್ ಮಾಡಿ, ತಾವು 1.10 ಲಕ್ಷ ರೂಪಾಯಿ ಕೊಟ್ಟಿದ್ದಾಗಿಯೂ, ಒಳಗಿರುವುದು ಪ್ಯಾರಿಸ್ ರೀಡ್ ಅಲ್ಲವೆಂದೂ, ಹಣ ಮರಳಿಸಬೇಕೆಂದೂ ಕೇಳುತ್ತಿದ್ದಾರೆ. ದಲ್ಲಾಳಿಯನ್ನು ವಿಚಾರಿಸಿದರೆ, ‘ಪೇಟಿಯನ್ನು ನಾನೇ ಕೊಂಡು ಮಾರಿದ್ದು, ಲಾಭ ನನ್ನದು’ ಎನ್ನುತ್ತಾರೆ. ನಾನೇನು ಮಾಡಬೇಕು?
– ಹೆಸರು ಬೇಡ, ಸಿಂಧನೂರು

ಉತ್ತರ: ದಲ್ಲಾಳಿಯ ಈ ಮಾತಿಗೆ ಅವರೇ ಕಳಿಸಿದ ಲೆಕ್ಕ ಅಡ್ಡ ಬರುತ್ತದೆ. ತಾವೇ ಕೊಂಡಿದ್ದರೆ 60 ಸಾವಿರವನ್ನೂ ಪೂರ್ತಿ ಕೊಡಬೇಕಿತ್ತು. ದಲಾಲಿಯೆಂದು 6 ಸಾವಿರ ಮುರಿದುಕೊಂಡವರು ನಿಮ್ಮ ಏಜೆಂಟರೇ ಹೊರತು ಖರೀದಿದಾರರಲ್ಲ. ಏಜೆಂಟನು ಮಾಲೀಕನಿಗೆ ತಿಳಿಸದೆ ಅದೇ ವ್ಯವಹಾರವನ್ನು ಸ್ವಂತಕ್ಕೆ ಮಾಡಿಕೊಂಡರೂ ಅದರಿಂದ ಬಂದ ಲಾಭವನ್ನು ಕೇಳಿ ಪಡೆಯುವ ಹಕ್ಕು ಮಾಲೀಕನಿಗೆ ಇದೆಯೆಂದು ಕರಾರು ಕಾಯ್ದೆ, 1872ರ ಕಲಂ 216 ಹೇಳುತ್ತದೆ. ನಿಮ್ಮೂರಿನ ಅಡತ್ ಅಂಗಡಿಯವರು ಭತ್ತದ ದರ, ತೂಕ, ಹಮಾಲಿಯನ್ನು ಪಟ್ಟಿಯಲ್ಲಿ ಬರೆದು ಕೊಡುವಂತೆ ವಾದ್ಯದ ದಲ್ಲಾಳಿಯೂ ಲೆಕ್ಕ ಒಪ್ಪಿಸಲೇಬೇಕು. ಅದಕ್ಕೆ ಕಲಂ 213 ಇದೆ. ಪ್ರಾಮಾಣಿಕವಾಗಿ ನಡೆದಿದ್ದರೆ 11 ಸಾವಿರ ದಲಾಲಿ ಕಳೆದು ನಿಮಗೆ 99 ಸಾವಿರ ಬರಬೇಕಿತ್ತು, ಅಂದರೆ ಬಾಕಿ 45 ಸಾವಿರ. ಆದರೆ ದುರ್ನಡತೆ ತೋರಿದ ಏಜೆಂಟನಿಗೆ ಆ ಕೆಲಸದ ದಲಾಲಿಯೂ ಸಲ್ಲದೆಂದು ಕಲಂ 220 ಹೇಳುವುದರಿಂದ ದಲ್ಲಾಳಿಗೆ ಕಳಿಸುವ ನೋಟಿಸಿನಲ್ಲಿ 56 ಸಾವಿರವನ್ನೇ ಕೇಳಿರಿ.

ಇನ್ನು ಗಾಯಕರ ವಿಷಯ. ಇಲ್ಲಿ ನಿಮಗೆ ರುಚಿಸದ ಮಾತೊಂದನ್ನು ಹೇಳಬೇಕಾಗಿದೆ. ವ್ಯವಹಾರ ನಡೆಸುವಾಗ ಏಜೆಂಟನು ಹೇಳಿದ ಸುಳ್ಳು ಮಾಲೀಕನೇ ಹೇಳಿದಂತೆ ಎಂಬುದು ಕಲಂ 238ರ ತಾತ್ಪರ್ಯವಾದ್ದರಿಂದ, ‘ಮಾರಿದ್ದು ದಲ್ಲಾಳಿ, ನನಗೆ ಸಂಬಂಧವಿಲ್ಲ’ ಎಂದು ನೀವು ಕೈತೊಳೆದುಕೊಳ್ಳಲು ಬರುವುದಿಲ್ಲ. ಪ್ಯಾರಿಸ್ ರೀಡೆಂದು ಹೇಳಿ ಮಾರಿದ ಪೇಟಿಯಲ್ಲಿ ಪ್ಯಾರಿಸ್ ರೀಡೇ ಇರಬೇಕೆಂಬುದು ಸರಕು ಮಾರಾಟ ಕಾಯ್ದೆ, 1930ರ ಕಲಂ 15ರ ಷರತ್ತು. ಹಾಗಾದರೆ ರೀಡು ಬದಲಾದದ್ದು ಯಾವಾಗ? ದಲ್ಲಾಳಿಯ ಕೈಯಲ್ಲೇ ಎಂದು ನೀವೂ ಗಾಯಕರೂ ಅವಸರದಿಂದ ತೀರ್ಮಾನಿಸಬೇಡಿ. ಊರೂರು ತಿರುಗುವ ಕಂಪನಿಗಳ ಪೇಟಿಯಲ್ಲಿ ರೀಡು ಮುರಿಯುವುದು, ಅದರ ಜಾಗದಲ್ಲಿ ಗುಜರಾತಿನ ಪಾಲಿತಾಣಾದ ರೀಡು ಕೂರಿಸುವುದು ಸಾಮಾನ್ಯ. ನಿಮ್ಮ ತಂದೆಯವರೇ ಕೆಲವನ್ನು ಬದಲಿಸಿರಬಹುದು. ನುರಿತ ರಿಪೇರಿಗಾರರೊಬ್ಬರಿಂದ ಇಬ್ಬರ ಎದುರಿಗೇ ಪೇಟಿ ಬಿಚ್ಚಿಸಿ, ರೀಡಿನ ಹಲಗೆಯ ವಿಡಿಯೊ ಮಾಡಿಸಿರಿ. ಹಲಗೆ ಹಳೆಯದಾಗಿ ಕಪ್ಪಾಗಿದ್ದು, ಎಲ್ಲ ರೀಡುಗಳೂ ಅವುಗಳ ಸಣ್ಣ ತಿರುಪುಗಳೂ ಮಾತ್ರ ಒಂದೇ ಸಮನೆ ಹೊಳೆಯುತ್ತಿದ್ದರೆ ಅದು ಇತ್ತೀಚಿನ ಕೈಚಳಕವೆಂದು ಅನುಮಾನಿಸಬಹುದು. ಅಲ್ಲೊಂದು ಇಲ್ಲೊಂದು ರೀಡು ಬೇರೆಯಾಗಿದ್ದರೆ ಅದು ಹಳೆಯ ರಿಪೇರಿಯಿರಬಹುದು. ಪೇಟಿ ಒಪ್ಪಿಸುವ ಮೊದಲು ತೆಗೆದ ಫೋಟೊಗಳಿದ್ದರೆ ಅವುಗಳೊಂದಿಗೆ ಹೋಲಿಸಿ ನೋಡಿರಿ.

ಗಾಯಕರೊಂದಿಗೆ ಜಗಳಕ್ಕೆ ಇಳಿಯಬೇಡಿ. 1.10 ಲಕ್ಷ ಕೊಟ್ಟಿದ್ದಕ್ಕೆ ಅವರ ಬ್ಯಾಂಕ್ ದಾಖಲೆಯೇ ನಿಮ್ಮ ಮುಖ್ಯ ಸಾಕ್ಷ್ಯ; ನೀವಿಬ್ಬರೂ ಕಚ್ಚಾಡಿದರೆ ಅನುಕೂಲವಾಗುವುದು ದಲ್ಲಾಳಿಗೆ ಮಾತ್ರ. ಗಾಯಕರ ಹಣವನ್ನು ನಿಮ್ಮ ಕೈಯಿಂದ ಈಗಲೇ ಮರಳಿಸಲೂ ಬೇಡಿ. ನೋಟಿಸಿಗೆ ಉತ್ತರ ಬಾರದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿರಿ. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ ಬಳ್ಳಾರಿಗೆ ಅಲೆಯಬೇಕಾಗಿಲ್ಲ. ದೂರು ಸಲ್ಲಿಸಲು ಇರುವ ಅವಧಿ 2 ವರ್ಷ. ಪೊಲೀಸ್ ದೂರಿಗೂ ದಾರಿಯಿದೆಯಾದರೂ, ಇಂಥ ಪ್ರಕರಣಗಳನ್ನು ಠಾಣೆಯಲ್ಲಿ ಸಿವಿಲ್ ವ್ಯಾಜ್ಯವೆಂದು ಹೇಳಿ ಕಳಿಸುವುದೇ ಹೆಚ್ಚು. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಫೋನನ್ನೂ ಬದಲಿಸಬೇಡಿ.

ಪ್ರಶ್ನೆ: ಮಾರಿಸಿಕೊಡಲೆಂದು ಕೊಟ್ಟ ನನ್ನ ಹಳೆಯ ವಾಲ್ವ್ ಆಂಪ್ಲಿಫೈಯರ್ ಮಾರಾಟವಾಗಲಿಲ್ಲ. ಇಟ್ಟುಕೊಂಡದ್ದಕ್ಕೆ ಬಾಡಿಗೆ ಮತ್ತು ರಿಪೇರಿ ಖರ್ಚು ಕೊಟ್ಟರಷ್ಟೇ ವಾಪಸ್ ಕೊಡುವುದಾಗಿ ದಲ್ಲಾಳಿ ಹೇಳುತ್ತಾರೆ. ಇದು ಸರಿಯೇ?
– ಒಬ್ಬ ಓದುಗ, ಕೊಪ್ಪಳ

ಉತ್ತರ: ಅರ್ಧ ಸರಿ. ರಿಪೇರಿಗೆ ನೀವು ಒಪ್ಪಿದ್ದರೆ, ಆ ಖರ್ಚು ತೀರುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು ಕರಾರು ಕಾಯ್ದೆಯ ಕಲಂ 221ರ ಪ್ರಕಾರ ಅವರಿಗಿದೆ. ಮೊದಲೇ ಮಾತಾಗದ ಬಾಡಿಗೆಯನ್ನು ಕೊಡಲು ಒಪ್ಪಬೇಡಿ. ರಿಪೇರಿಯ ಬಿಲ್ಲನ್ನು ನೋಡಿ ಹಣ ಕೊಡಿರಿ, ಬಿಚ್ಚಿದ ಹಳೆಯ ವಾಲ್ವ್‌ಗಳನ್ನೂ ಕೇಳಿ ಪಡೆಯಿರಿ.