ರಿಂಗ್ ರೋಡ್ ಆಚೆ ಹೊಸ ಊರು ಬೆಳೀತಿದೆ, ರಸ್ತೆ ಮೊದಲಾ ಪಾರ್ಕ್ ಮೊದಲಾ?

ಎರಡೂ ಅಲ್ಲ, ಮೊದಲು ಹಳ್ಳ, ಅಂದರೆ ಮಳೆನೀರು ಹರಿದು ಹೋಗೋ ದಾರಿ. ಪ್ರಶ್ನೆಯಲ್ಲಿ ಎಲೆಕ್ಟ್ರಿಕ್ ಬಸ್ಸು, ಸೋಲಾರ್ ದೀಪದ ಬಗ್ಗೆಯೂ ಕೇಳಿ, ಮೈಸೂರಿನ ರಿಂಗ್ ರೋಡ್ ಆಚೆ ಇರೋದನ್ನ "ಖಾಲಿ ಜಾಗ" ಅಂತ ಬರೆದಿದ್ದೀರಲ್ಲ, ಹದಿನೈದು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ.

ಬೋಗಾದಿ ದಾಟಿ ಒಂದು ಖಾಸಗಿ ಲೇಔಟ್‌ಗೆ ಸೈಟ್ ಇಂಜಿನಿಯರ್ ಆಗಿದ್ದೆ. ಸರ್ವೆ ಮಾಡಿದ್ದು ಮಾರ್ಚ್‌ನಲ್ಲಿ. ಜಾಗದ ನಡುವೆ ಒಂದು ತಗ್ಗು, ತುಂಬ ಲಂಟಾನ, ತಳದಲ್ಲಿ ಮರಳು. ಹೊಲದ ನಡುವೆ ಮರಳು ಎಲ್ಲಿಂದ ಬರುತ್ತೆ, ನೀರು ತಂದರೆ ತಾನೆ? ನನಗೆ ಹೊಳೆಯಲಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜ "ಮಳೆ ಬಂದ್ರೆ ಇಲ್ಲಿ ಮಂಡಿಯುದ್ದ ಹರೀತದೆ ಕಣಪ್ಪ" ಅಂದರು. ಗ್ರಾಮ ನಕ್ಷೆಯಲ್ಲೂ ಹಳ್ಳದ ಗೆರೆ ಇತ್ತು. ನನಗೆ ಕಂಡಿದ್ದು ಅಲ್ಲಿ ಬರುವ ಹನ್ನೊಂದು ಸೈಟ್ ಅಷ್ಟೇ. ಎರಡಡಿ ಅಗಲದ ಪೈಪ್ ಹಾಕಿಸಿ ಮಣ್ಣು ತುಂಬಿಸಿದೆ.

ತಪ್ಪಿದ್ದು ಲೆಕ್ಕದಲ್ಲಿ. ನಮ್ಮ ಬೇಲಿಯೊಳಗೆ ಬೀಳುವ ಮಳೆಗೆ ಮಾತ್ರ ಪೈಪ್ ಅಳತೆ ಹಾಕಿದ್ದೆ. ಬೇಲಿ ಆಚೆ, ಮೇಲ್ಗಡೆ, ಸುಮಾರು 60 ಎಕರೆ ರಾಗಿ ಹೊಲ ಇತ್ತು, ಅದರ ನೀರೂ ಇದೇ ತಗ್ಗಿಗೆ ಇಳಿಯಬೇಕು. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್. ಹೊಲ ಇದ್ದಾಗ ಮಣ್ಣು ಕುಡಿಯುತ್ತಿತ್ತು, ಬದು ತಡೆಯುತ್ತಿತ್ತು. ಆ ಹೊಲಗಳೂ ಸೈಟ್ ಆದ ಮೇಲೆ ತಾರಸಿ, ಕಾಂಕ್ರೀಟ್ ಮೇಲಿಂದ ಜಾಸ್ತಿ ನೀರು ಒಟ್ಟಿಗೇ ಬಂತು. ಒಂದು ಅಕ್ಟೋಬರ್ ರಾತ್ರಿ ಪೈಪ್ ಬಾಯಿಗೆ ಕಸ ಕಟ್ಟಿಕೊಂಡು ಏಳು ಮನೆಗೆ ನೀರು ನುಗ್ಗಿತು. ಬೆಳಿಗ್ಗೆ ಹೋದಾಗ ಒಬ್ಬ ಅಮ್ಮ ನೆನೆದ ಅಕ್ಕಿಯನ್ನು ಮಂಚದ ಮೇಲೆ ಹರಡುತ್ತಿದ್ದರು. ನನ್ನನ್ನು ಬೈಯಲಿಲ್ಲ. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ.

ನೀವು ಕೇಳಿರೋ ಎಲೆಕ್ಟ್ರಿಕ್ ಬಸ್ಸು, ಸೋಲಾರ್ ದೀಪ ಎಲ್ಲ ಆಮೇಲೂ ತರಬಹುದು. ಹಳ್ಳದ ಮೇಲೆ ಮನೆ ಎದ್ದ ಮೇಲೆ ಬಿಡಿಸೋಕಾಗಲ್ಲ. ಮೈಸೂರಿನದೇ ಲಿಂಗಾಂಬುಧಿ ಕೆರೆ ನೋಡಿ, 1828ರದು. ಸುತ್ತ ಬಡಾವಣೆ ಎದ್ದ ಮೇಲೆ ಚರಂಡಿ ನೀರು ಅದಕ್ಕೇ ಹೋಗಿ ಸೇರಿತು, ಅಲ್ವಾ?

ನಕ್ಷೆಯಲ್ಲಿ ಮೊದಲು ಕೆರೆ, ಹಳ್ಳ, ರಾಜಕಾಲುವೆ ಗುರುತು ಮಾಡಿ. ಎರಡೂ ದಡದಲ್ಲಿ ಜಾಗ ಬಿಡಿ, ನಿಮ್ಮ ಪಾರ್ಕ್ ಅಲ್ಲೇ ಆಗುತ್ತೆ. ರಸ್ತೆ ಎಳೆಯೋದು ಉಳಿದ ಜಾಗದಲ್ಲಿ. ಸೈಟ್ ಕಡಿಮೆಯಾಗುತ್ತೆ, ಆಗಲಿ. ಸರ್ವೆಗೆ ಬೇಸಿಗೆಯಲ್ಲಿ ಹೋಗಬೇಡಿ. ಅಕ್ಟೋಬರ್‌ನಲ್ಲಿ, ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ. ಅಲ್ಲಿ ಕುರಿ ಮೇಯಿಸುವವರು ಯಾರಾದರೂ ಇದ್ದರೆ ನಿಂತು ಕೇಳಿ.